ಮಣ್ಣು ಮುಚ್ಚುವ ಮುನ್ನ

ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ, ಪೈರಿಗೆ ಎಡೆಯ ಚರಗ ಚೆಲ್ಲಿ, ಭಜ್ಜಿ-ಕಡಬು ಉಂಡು ಬಂದ ಸುವರ್ಣಾಳ ಬಾಯಲ್ಲಿ ಹಬ್ಬದ ರುಚಿ ಇನ್ನೂ ಹಾಗೇ ಇತ್ತು. ಇಜೇರಿಯ ಹೊರಗೆ, ಹೊಸ ತೊಗರಿ ಗೋದಾಮು ಏಳುತ್ತಿದ್ದ ಜಾಗದಲ್ಲಿ ಟೆಂಪೋ ಇಳಿಯುತ್ತಲೇ ಅದು ಆರಿಹೋಯಿತು. ಮೊದಲ ಬಸ್ಸಿಗೇ ಬಂದಿದ್ದ ಗಂಡ ಚಂದಪ್ಪ, ದೊಡ್ಡ ಗುತ್ತೇದಾರ ದೌಲತರಾಯನ ಎದುರಿಗೆ ನಿಂತು ಕೂಗಾಡುತ್ತಿದ್ದ.

"ನಕಾಶಿಯೊಳಗ ನಾಲ್ಕು ಫೂಟ್ ಅದ. ನೀ ಏಳು ಫೂಟಿನ ಲೆಕ್ಕ ತಂದ್ರ ನಾ ಎಲ್ಲಿಂದ ಕೊಡ್ಲೋ ಚಂದಪ್ಪ?"

"ಹಿಂದಿನ ಗ್ವಾಡಿಗೆ ಮುರುಮ ಹತ್ತಿದ್ದೇ ಏಳು ಫೂಟಿಗ್ರಿ. ಫೋನ್ ಮಾಡಿದಾಗ ನೀವೇ ಹೂಂ ಅಂದ್ರಿ."

"ಯಾವಾಗ ಅಂದೇನಿ?"

"ನಿಮ್ಮ ಅಕ್ಕನ ಮಗಳ ಲಗ್ನದಾಗ್ರಿ."

"ಲಗ್ನದಾಗ ಬ್ಯಾಂಡ್ ಕಿವಿ ಹರಿಯಾಕತ್ತಿತ್ತು. ಅವತ್ತು ಯಾರು ಏನು ಕೇಳಿದ್ರೂ ಹೂಂ ಅಂದೇನಿ!"

ಗೋದಾಮು ಇಜೇರಿಯ ರೈತರ ಸಂಘದ್ದು. ಕಟ್ಟುವ ಗುತ್ತಿಗೆ ಆಳಂದದ ದೌಲತರಾಯನದು. ಅದರೊಳಗಿನ ಬುನಾದಿಯ ಕೆಲಸವನ್ನಷ್ಟೇ ಅವನು ನರೋಣಾದ ಚಂದಪ್ಪನಿಗೆ ಕೊಟ್ಟಿದ್ದ. ಕಲ್ಲು, ಸಿಮೆಂಟು, ಉಸುಕು, ಆಳು ಎಲ್ಲ ಚಂದಪ್ಪನದೇ. ಕಟ್ಟಿದ ಕಲ್ಲಿಗೆ ಬ್ರಾಸಿನ ಲೆಕ್ಕದಲ್ಲಿ ಹಣ. ನೂರು ಘನ ಅಡಿಗೆ ಒಂದು ಬ್ರಾಸು.

ಅದು ಎರೆಮಣ್ಣಿನ ಭೂಮಿ. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಅದರ ಮೇಲೆ ಗೋಡೆ ನಿಲ್ಲಬೇಕಾದರೆ ಕೆಳಗಿನ ಗಟ್ಟಿ ಮುರುಮ ಹತ್ತುವತನಕ ತೋಡಬೇಕು. ಮುಂದಿನ ಬದಿಗೆ ನಾಲ್ಕು ಅಡಿಗೇ ಮುರುಮ ಸಿಕ್ಕಿತ್ತು. ಎಂಬತ್ತು ಅಡಿ ಉದ್ದ, ಎರಡೂವರೆ ಅಡಿ ದಪ್ಪದ ಹಿಂದಿನ ಗೋಡೆಗೆ ಏಳು ಅಡಿ ಇಳಿಯಬೇಕಾಯಿತು. ಆರು ಬ್ರಾಸು ಕೆಲಸ ಹೆಚ್ಚಾಯಿತು. ಬ್ರಾಸಿಗೆ ಹದಿನೈದು ಸಾವಿರದಂತೆ ತೊಂಬತ್ತು ಸಾವಿರ ರೂಪಾಯಿ.

"ಹಬ್ಬ ಮುಗಿಸಿ ಬಂದು ಅಳತಿ ನೋಡ್ತೇನಿ" ಎಂದಿದ್ದ ದೌಲತರಾಯ. ಆದರೆ ಅಮಾವಾಸ್ಯೆಯ ದಿನ ತೋಡಿದ ತಗ್ಗಿನ ಬಾಯಿ ತೆರೆದಿಟ್ಟು ಹೋಗುವುದು ಚಂದಪ್ಪನ ಗುಂಪಿಗೆ ಆಗಿಬರುವುದಿಲ್ಲ. ಹಿಂದಿನ ದಿನವೇ ಕಲ್ಲಿನ ಎರಡೂ ಬದಿಗೆ ಮಣ್ಣು ತುಂಬಿ, ನೀರು ಹೊಡೆದು, ಕುಮ್ಮಿ ಗಟ್ಟಿಮಾಡಿ, ಕಾಯಿ ಒಡೆದು ಊರಿಗೆ ಹೋಗಿದ್ದರು. ಈಗ ನೋಡಿದರೆ ಮಣ್ಣಷ್ಟೇ ಕಾಣುತ್ತದೆ.

ದೌಲತರಾಯ ಸಂಜೆ ಬರುವೆನೆಂದು ಜೀಪು ಹತ್ತಿದ. ಚಂದಪ್ಪ ಸಿಮೆಂಟಿನ ಚೀಲದ ಮೇಲೆ ಕುಳಿತುಬಿಟ್ಟ.

"ಮಿಕ್ಸರ್ ಮಾರಿ ಆಳುಗಳ ಪಗಾರ ಕೊಡ್ತೇನಿ. ಈ ಗುತ್ತಿಗಿ ಸಾಕು. ಮತ್ತ ಸೊಲ್ಲಾಪುರಕ್ಕ ಹೋಗಿ ಇನ್ನೊಬ್ಬರ ಕೈಯಾಗ ಗೌಂಡಿ ಕೆಲಸ ಮಾಡ್ತೇನಿ."

ಕಾಂಕ್ರೀಟು ಕಲಸುವ ಆ ಮಿಕ್ಸರ್ ಕೊಳ್ಳಲು ಹನ್ನೆರಡು ವರ್ಷ ಬುಟ್ಟಿ ಹೊತ್ತ ನೆತ್ತಿ ಸುವರ್ಣಾಳದು. ಅದಕ್ಕಿಂತ ಹೆಚ್ಚಾಗಿ, ಆ ಏಳು ಅಡಿಯ ಒಂದೊಂದು ಕಲ್ಲಿಗೂ ಸಿಮೆಂಟು ಕಲಸಿ ಕೊಟ್ಟವಳು ಅವಳು. ಕಟ್ಟಿದ್ದನ್ನು ಕಟ್ಟಿಲ್ಲ ಅನ್ನುತ್ತಾರಲ್ಲ! ಅವಳು ಬೇವಿನ ಗಿಡದ ಹಿಂದೆ ಹೋಗಿ ಫರಹೀನಳಿಗೆ ಫೋನ್ ಮಾಡಿದಳು.

ಫರಹೀನ ನರೋಣಾದ ಅವರದೇ ಓಣಿಯ ಹುಡುಗಿ. ಸಿವಿಲ್ ಡಿಪ್ಲೊಮಾ ಮುಗಿಸಿ ಜೇವರ್ಗಿಯ ಒಂದು ಕಟ್ಟಡಕ್ಕೆ ಸೂಪರ್‌ವೈಜರ್ ಆಗಿದ್ದಾಳೆ. ಊಟದ ಹೊತ್ತಿಗೆ ಸ್ಕೂಟಿ ಮೇಲೆ ಬಂದಳು.

"ಕಾಕಾ, ಏಳು ಫೂಟ್ ಮಾಡ್ರಿ ಅಂತ ಬರದು ಕೊಟ್ಟಾರೇನು? ವಾಟ್ಸಾಪಿನಾಗರೆ?"

"ಇಲ್ಲವ್ವ. ಬಾಯಿಮಾತಿನ ಜಬಾನ್ ಇತ್ತು."

"ಮುಚ್ಚೋ ಮುಂಚೆ ಅಳತಿ ಹಿಡದು ಸಹಿ ಮಾಡಿಸಿಕೊಂಡ್ರೇನು?"

ಚಂದಪ್ಪನಿಗೆ ಸಿಟ್ಟು ಬಂತು. "ಸಹಿ ಕೇಳೋದಂದ್ರ ನಿಮ್ಮ ಮ್ಯಾಲ ನಂಬಿಕಿ ಇಲ್ಲ ಅಂದಂಗ. ಇಪ್ಪತ್ತು ವರ್ಷ ನಾ ಯಾರಿಗೂ ಕೇಳಿಲ್ಲ."

"ಹಂಗಾರ ಗ್ವಾಡಿ ಕಟ್ಟಾಗ ದಾರಕ್ಕ ಗುಂಡು ಕಟ್ಟಿ ಯಾಕ ಇಳಿಬಿಡ್ತೀರಿ? ನಿಮ್ಮ ಕಣ್ಣಿನ ಮ್ಯಾಲ ನಿಮಗ ನಂಬಿಕಿ ಇಲ್ಲೇನು?"

ಗುಂಪಿನ ಹಿರಿಯಾಳು ನಿಂಬೆವ್ವ ಕಿಸಕ್ಕನೆ ನಕ್ಕಳು. "ಹತ್ತಿತು ನೋಡು ಗುಂಡು!"

"ಫೋಟೋ ಅರೆ ಅದಾವೇನು?" ಫರಹೀನ ಕೇಳಿದಳು.

ಒಂದೇ ಒಂದಿತ್ತು. ಕಲ್ಲು ಕಟ್ಟುವ ಮೊದಲು, ತೋಡಿ ಮುಗಿಸಿದ ದಿನ ತೆಗೆದದ್ದು. ತಗ್ಗಿನೊಳಗೆ ನಿಂಬೆವ್ವ ಒಂದು ಕೈ ಎತ್ತಿ ನಗುತ್ತ ನಿಂತಿದ್ದಳು.

"ಟೇಪ್ ಹಿಡದಿದ್ರ ಚಲೋ ಇತ್ತು ಕಾಕಾ. ಇದರಾಗ ನಿಂಬೆವ್ವ ಆಯಿಯ ಹಲ್ಲು ಕಾಣ್ತಾವ, ಆಳ ಕಾಣಂಗಿಲ್ಲ."

ಸುವರ್ಣಾ ಫೋನು ಇಸಿದುಕೊಂಡು ನೋಡಿದಳು. ಮತ್ತೆ ನೋಡಿದಳು. ನಾಲ್ಕು ಜನರ ನಡುವೆ ಮಾತಾಡಿ ಅವಳಿಗೆ ರೂಢಿಯಿಲ್ಲ.

"ಆಳಾನೂ ಕಾಣ್ತದ" ಎಂದಳು ಮೆಲ್ಲಗೆ. "ನಿಂಬೆವ್ವ ಮ್ಯಾಲ ಎಳಕೊಳ್ರಿ ಅಂತ ಕೈ ಚಾಚ್ಯಾಳ. ಬೆರಳು ದಂಡಿಗೆ ಮುಟ್ಟಿಲ್ಲ ನೋಡ್ರಿ, ಇನ್ನೂ ಒಂದು ಗೇಣು ಅದ. ನಾಲ್ಕೇ ಫೂಟ್ ಇದ್ದಿದ್ರ ತಗ್ಗು ಆಕಿ ಎದಿಮಟ ಬರಬೇಕಿತ್ತು."

ಫರಹೀನ ತನ್ನ ಚೀಲದಿಂದ ಟೇಪು ತೆಗೆದು ನಿಂಬೆವ್ವನನ್ನು ನಿಲ್ಲಿಸಿದಳು. ನೆಲದಿಂದ ನೆತ್ತಿಗೆ ಐದು ಅಡಿ. ಎತ್ತಿದ ಕೈ ಬೆರಳ ತುದಿಗೆ ಆರೂಕಾಲು, ಅದರ ಮೇಲಿನ ಒಂದು ಗೇಣು ಸೇರಿ ಏಳು.

"ಅಯ್ಯ, ಇಷ್ಟು ವರ್ಷ ಗಿಡ್ಡಿ ಗಿಡ್ಡಿ ಅಂತಿದ್ರಿ" ಎಂದಳು ನಿಂಬೆವ್ವ. "ಈಗ ನಿಮ್ಮ ಟೇಪ್ ನಾನೇ ಆದೆ!"

ಸಂಜೆ ನಾಲ್ಕಕ್ಕೆ ದೌಲತರಾಯ ಬಂದ. ಫೋಟೋ ನೋಡಿದ.

"ಈಕಿ ಕುಂತಾಳೇನೋ."

"ಕುಂತಿಲ್ರಿ ಸಾಹುಕಾರ್ರ, ನಿಂತೇನಿ. ಕಾಲೂ ಕಾಣ್ತಾವ."

ದೌಲತರಾಯ ಗಡ್ಡ ಕೆರೆದುಕೊಂಡ. "ಆತು, ತೋಡಿದ್ದು ಖರೆ. ಆದ್ರ ತಳದಿಂದ ಕಲ್ಲು ಕಟ್ಟಿರೋ, ಮೂರು ಫೂಟ್ ಮಣ್ಣು ತುಂಬಿ ಮ್ಯಾಲ ಕಟ್ಟಿರೋ? ಯಾರಿಗೆ ಗೊತ್ತು?"

ಚಂದಪ್ಪನ ಕುತ್ತಿಗೆಯ ನರ ಉಬ್ಬಿತು. ಅವನು ಬೈಯುವ ಮೊದಲೇ ಸುವರ್ಣಾ ಮುಂದೆ ಬಂದಳು. ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿದಳು.

"ನೀವೇ ತೋರಿಸ್ರಿ ಅಣ್ಣಾರ, ಎಲ್ಲಿ ತೋಡಬೇಕಂತ. ನಾವು ಜಾಗ ಆರಿಸಂಗಿಲ್ಲ. ಎಷ್ಟು ಕಡಿ ಅಂತೀರಿ ಅಷ್ಟು ಕಡಿ ತೋಡ್ತೇವಿ."

ದೌಲತರಾಯ ಅವಳನ್ನೊಮ್ಮೆ ನೋಡಿ, ಗೋಡೆಯ ಸಾಲು ಹಿಡಿದು ನಡೆದ. ಮೂರು ಕಡೆ ಕಲ್ಲು ಇಟ್ಟ.

ಮರುದಿನ ಹೊತ್ತು ಮೂಡುತ್ತಲೇ ಸಲಿಕೆ ಬಿತ್ತು. ಕುಮ್ಮಿದ ಎರೆಮಣ್ಣು, ಹಸಿಯಾಗಿದ್ದರೂ ಸುಲಭಕ್ಕೆ ಬಿಡಲಿಲ್ಲ. ಚಂದಪ್ಪ ಯಾರಿಗೂ ಸಲಿಕೆ ಕೊಡದೆ ಮೊದಲ ಕುಣಿ ತಾನೇ ತೋಡಿದ. ನಾಲ್ಕು ಅಡಿ ಆಯಿತು, ಕಲ್ಲು ಕೆಳಗೆ ಹೋಗುತ್ತಲೇ ಇತ್ತು. ಐದು. ಆರು. ಏಳಕ್ಕೆ ಸಲಿಕೆ ಮುರುಮಕ್ಕೆ ತಾಕಿ ಠಣ್ ಎಂದಿತು.

ದೌಲತರಾಯ ಬಿಳಿ ಧೋತರ ಎತ್ತಿ ಕಟ್ಟಿ ಏಣಿ ಇಳಿದ. ಕಲ್ಲಿನ ಮೇಲೆ ಕೈಯಾಡಿಸಿದ. ಕಲ್ಲಿಗೆ ಕಲ್ಲು ಕಚ್ಚಿ ಕೂತಿತ್ತು. ಸಂದುಗಳಿಗೆಲ್ಲ ಸಿಮೆಂಟು ತುಂಬಿ, ಕರಣಿಯಿಂದ ಒಂದೇ ಸಮ ಗೆರೆ ಎಳೆದಿದ್ದರು. ದೇವರ ಗುಡಿಯ ಮುಂಬಾಗಿಲ ಗೋಡೆಯಂತಿತ್ತು ಅದು.

"ಮಣ್ಣಾಗ ಹೋಗೋ ಗ್ವಾಡಿಗೆ ಇಷ್ಟು ನಾಜೂಕ ಯಾಕ ಮಾಡ್ದಿ ಚಂದಪ್ಪ? ಯಾರು ನೋಡ್ತಾರ?"

"ಮ್ಯಾಲ ನಿಲ್ಲೋ ಗ್ವಾಡಿಗೆ ಗೊತ್ತಾಗ್ತದಲ್ರಿ."

ಮೇಲೆ ನಿಂತಿದ್ದ ಸುವರ್ಣಾಳಿಗೆ ಎದೆಯೊಳಗೆ ಏನೋ ತುಂಬಿ ಬಂದಂತಾಯಿತು. ಆ ಗೆರೆಗಳಲ್ಲಿ ಅರ್ಧ ಅವಳೇ ಎಳೆದದ್ದು. ಅವು ಮತ್ತೆ ಬೆಳಕು ಕಾಣುತ್ತವೆಂದು ಅವಳು ಅಂದುಕೊಂಡಿರಲಿಲ್ಲ.

ಉಳಿದೆರಡು ಕುಣಿಗಳಲ್ಲೂ ಏಳೇ ಅಡಿ. ದೌಲತರಾಯ ಹೊರಗೆ ಬಂದು ಕೈ ಒರೆಸಿಕೊಂಡ. "ತಪ್ಪಾತಪ್ಪ. ಹೂಂ ಅಂದು ಮರತವ ನಾನು. ಸಂಘದ ಇಂಜಿನಿಯರ್ ಸಾಹೇಬ್ರಿಗೂ ನಾಲ್ಕೇ ಫೂಟ್ ಅಂತ ಬರದು ಕೊಟ್ಟೇನಿ. ಕುಣಿ ಮುಚ್ಚಬ್ಯಾಡ್ರಿ, ಅವರೂ ಬಂದು ನೋಡ್ಲಿ. ಇಲ್ಲಾಂದ್ರ ನನಗೂ ರೊಕ್ಕ ಬರಂಗಿಲ್ಲ."

ಇಂಜಿನಿಯರ್ ಬಂದ ಮೇಲೆ ಅವರು, ದೌಲತರಾಯ, ಚಂದಪ್ಪ ಮೂವರೂ ನಿಂತು ಅಳೆದರು. ಫರಹೀನ ಬರೆದಳು. ಎಲ್ಲರೂ ಸಹಿ ಮಾಡಿ ಒಂದೊಂದು ಪ್ರತಿ ಇಟ್ಟುಕೊಂಡರು. ಎರಡನೆಯ ವಾರಕ್ಕೆ ಚಂದಪ್ಪನ ಖಾತೆಗೆ ಹಣ ಬಂತು, ಆಳುಗಳ ಪಗಾರ ಮುಟ್ಟಿತು. ಮಿಕ್ಸರ್ ಎಲ್ಲಿಗೂ ಹೋಗಲಿಲ್ಲ. ಆದರೆ ತೋಡಿ ಮುಚ್ಚುವುದರಲ್ಲಿ ಎಂಟು ಜನರ ಮೂರು ದಿನದ ದುಡಿಮೆ ಮಣ್ಣಿಗೆ ಹೋಯಿತು. ಹಬ್ಬಕ್ಕೆ ಮುಂಚೆ ಅರ್ಧ ತಾಸು ಟೇಪು ಹಿಡಿದಿದ್ದರೆ ಅದೂ ಉಳಿಯುತ್ತಿತ್ತು.

ಈಗ ಗಾಣಗಾಪುರದಲ್ಲಿ ಒಂದು ಲಾಡ್ಜಿನ ಬುನಾದಿ ನಡೆದಿದೆ. ಗುತ್ತಿಗೆ ಮತ್ತೆ ದೌಲತರಾಯನದೇ. "ಚಂದಪ್ಪನ ಗುಂಪೇ ಬೇಕು" ಎಂದು ಅವನೇ ಕರೆದ. ಮಣ್ಣು ತುಂಬುವ ಹಿಂದಿನ ದಿನ ಚಂದಪ್ಪನೇ ಫೋನ್ ಮಾಡಿದ.

"ಬರ್ರಿ ಸಾಹುಕಾರ್ರ, ಅಳತಿ ಹಿಡಿಯೂನು. ನೀವು ಬರೂತನಕ ಒಂದು ಬುಟ್ಟಿ ಮಣ್ಣು ಹಾಕಂಗಿಲ್ಲ, ಅಮಾಸಿ ಇರ್ಲಿ, ಹುಣ್ಣಿವಿ ಇರ್ಲಿ."

ಅಳತೆಯ ವಹಿಯಲ್ಲಿ ಬರೆಯುವವಳು ಸುವರ್ಣಾ. ಟೇಪು ತಳದಿಂದ ದಂಡೆಗೆ ನೆಟ್ಟಗೆ ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ಪಕ್ಕದಲ್ಲಿ ನಿಂಬೆವ್ವನೂ ಕೈ ಎತ್ತಿ ನಿಲ್ಲುತ್ತಾಳೆ, ಬೇಡವೆಂದರೂ ಕೇಳುವುದಿಲ್ಲ.

ಈ ಕಥೆ ಕೇಳಿದ ಗೌಂಡಿ ಅಣ್ಣಂದಿರೇ, ಬುಟ್ಟಿ ಹೊರುವ ಅಕ್ಕಂದಿರೇ, ದೊಡ್ಡ ಗುತ್ತಿಗೆ ಹಿಡಿದ ಯಜಮಾನರೇ, ನೀವೂ ಹಾಗೇ ಮಾಡಿ. ನಕಾಶೆಗಿಂತ ಕೆಲಸ ಹೆಚ್ಚಾದರೆ ಫೋನಿನ ಹೂಂಗೆ ನಿಲ್ಲಬೇಡಿ. ಎರಡು ಸಾಲು ಬರೆದು ಕಳಿಸಿ, ಒಪ್ಪಿಗೆಯನ್ನೂ ಬರಹದಲ್ಲೇ ಪಡೆಯಿರಿ. ಬುನಾದಿಯಿರಲಿ, ಸ್ಲಾಬಿನೊಳಗಿನ ಕಬ್ಬಿಣವಿರಲಿ, ನೆಲದೊಳಗಿನ ಪೈಪಿರಲಿ, ಮುಚ್ಚಿಹೋಗುವ ಕೆಲಸವನ್ನು ಮುಚ್ಚುವ ಮುನ್ನ ಎರಡೂ ಕಡೆಯವರು ಕೂಡಿ ಅಳೆಯಿರಿ, ಸಹಿ ಹಾಕಿರಿ. ಸಹಿ ಕೇಳಿದರೆ ಯಾರ ಮಾನವೂ ಹೋಗುವುದಿಲ್ಲ. ನಿಮ್ಮ ಕೈ ಚಂದದ ಕೆಲಸ ಮಾಡಿದೆ. ಮಣ್ಣಿಗಿಂತ ಮೊದಲು ಅದನ್ನು ನಾಲ್ಕು ಕಣ್ಣು ನೋಡಲಿ.