ಸಂಶಯ ನಿವಾರಣೆಯಾಯಿತು

ಅಪ್ಪ ಚಪ್ಪಲಿಯನ್ನು ಬಾಗಿಲ ಹೊರಗೇ ಬಿಟ್ಟಿದ್ದಾನೆ, ಬಿಡು ಎಂದು ಯಾರೂ ಹೇಳಿರಲಿಲ್ಲ, ಪ್ರಾಚಾರ್ಯ ಮೇಡಂ ಕಾಲಲ್ಲಿ ಚಪ್ಪಲಿ ಇವೆ, ಕಲ್ಲಿನಾಥ ಸರ್ ಬೂಟು ಹಾಕಿಕೊಂಡೇ ಕೂತಿದ್ದಾರೆ, ನನ್ನ ಕಾಲಲ್ಲೂ ಇವೆ, ಅಪ್ಪನ ಬರಿಗಾಲು ಮಾತ್ರ ಈ ನುಣ್ಣನೆ ಫರಸಿ ನೆಲದ ಮೇಲೆ ಎಲ್ಲಿಡಲಿ ಎಂದು ತಿಳಿಯದೆ ಒಂದರ ಮೇಲೊಂದು ಹತ್ತಿಕೊಂಡಿವೆ — ಕುಂದ್ರು ಅಪ್ಪಾ, ಕುರ್ಚಿ ಅದ, ಅಂದರೆ ಇರ್ಲಿ ಬಿಡವಾ ಅನ್ನುತ್ತಾನೆ, ಇವನೇ ಏನು ನಮ್ಮೂರು ಘಾಟಬೋರಾಳದ ಬುದ್ಧ ವಿಹಾರದಲ್ಲಿ ಹುಣ್ಣಿಮೆಯ ವಂದನೆ ಮುಗಿದ ಕೂಡಲೇ ಎದ್ದು ನಿಂತು ತಾಸುಗಟ್ಟಲೆ ಮಾತಾಡುವವನು, ಸಾಕ್ ಮಾಡೋ ಮಚ್ಚೇಂದ್ರಾ, ಅನ್ನ ಆರಾಕತ್ತದ ಅಂತ ಹಿಂದಿನಿಂದ ಯಾರಾದರೂ ಕೂಗುವ ತನಕ ಬಿಡದವನು, ಬಾಯಿ ಇದ್ದವರು ಬರಗಾಲದಲ್ಲೂ ಬದುಕಿದರು, ಕೇಳವಾ, ಕೇಳಿದ್ರ ನಾಲಿಗಿ ಸವೆಯಂಗಿಲ್ಲ ಅಂತ ನನಗೆ ಚಿಕ್ಕಂದಿನಿಂದ ಕಲಿಸಿದವನು, ಇಲ್ಲಿ ಬಂದು ಗೋಡೆಗೆ ಆತು ನಿಂತಿದ್ದಾನೆ, ನನಗೆ ಸಿಟ್ಟು ಬರುತ್ತಿದೆ, ಅಪ್ಪನ ಮೇಲಲ್ಲ, ಈ ಫರಸಿಯ ಮೇಲೆ, ಫರಸಿ ಏನು ಮಾಡಿತ್ತು ಪಾಪ.

ನೋಡವಾ ವಿಶಾಖಾ, ಮೇಡಂ ಹೇಳುತ್ತಿದ್ದಾರೆ, ದನಿಯಲ್ಲಿ ಸಿಟ್ಟಿಲ್ಲ, ಸಿಟ್ಟಿದ್ದರೆ ಚೆನ್ನಾಗಿತ್ತು, ನೀ ಶ್ಯಾಣೇಕಿ ಇದ್ದಿ, ನಾವೇನು ನಿನ್ನ ವೈರಿಗಳಲ್ಲ, ಮ್ಯಾಲಿನವರು ನನ್ನ ಕೇಳ್ತಾರ, ಸಂಸ್ಥಾದ ಇಜ್ಜತ್ ನೋಡಬೇಕಲ್ಲ, ಇದರ ಮ್ಯಾಲ ಒಂದು ಸಹಿ ಮಾಡು, ನಿಮ್ಮಪ್ಪಾನೂ ಮಾಡ್ಲಿ, ನಾಳಿಗೇ ಹಾಲ್‌ಟಿಕೆಟ್ ತಗೊ — ಹಾಲ್‌ಟಿಕೆಟ್, ಎಂ.ಎ. ಕೊನೆಯ ಪರೀಕ್ಷೆ, ಅದೊಂದು ಬರೆದುಬಿಟ್ಟರೆ ಎಲ್ಲಾದರೂ ಶಾಲೆಯಲ್ಲಿ ಕನ್ನಡ ಕಲಿಸಬಹುದು, ಅವ್ವ ತೊಗರಿ ಹೊಲದಿಂದ ಸೊಂಟ ಹಿಡಿದುಕೊಂಡು ಬರುವುದು ತಪ್ಪುತ್ತದೆ — ಕಾಗದದಲ್ಲಿ ಎಲ್ಲ ಅವರೇ ಬರೆದಿದ್ದಾರೆ, ನಾನು ಆಡಿದ ಮಾತಿಗೆ ವಿಷಾದಿಸುತ್ತೇನೆ, ಇನ್ನು ಮುಂದೆ ವೇದಿಕೆಯ ಮೇಲಾಗಲಿ ಮೊಬೈಲಿನಲ್ಲಾಗಲಿ ಅನುಮತಿಯಿಲ್ಲದೆ ಸಂಸ್ಥೆಯ ಬಗ್ಗೆ ಮಾತಾಡುವುದಿಲ್ಲ, ನಡವಳಿಕೆ ನಿಯಮಗಳ ಪ್ರಕಾರ, ಆ ನಿಯಮಗಳ ಪುಸ್ತಕವನ್ನು ಪ್ರವೇಶದ ದಿನವೇ ಕೊಟ್ಟಿದ್ದರು, ಓದಿ ಒಪ್ಪಿದ್ದೇನೆ ಅಂತ ಸಹಿಯನ್ನೂ ಹಾಕಿದ್ದೆ, ಓದಿದ್ದು ಎಲ್ಲಿ, ಹಾಸ್ಟೆಲಿನಲ್ಲಿ ನನ್ನ ಮಂಚದ ಒಂದು ಕಾಲು ಗಿಡ್ಡ ಇತ್ತು, ಕೋಣೆಯ ಗೆಳತಿ ಮಹಜಬೀನ್ ಆ ಪುಸ್ತಕವನ್ನು ಮಡಚಿ ಅದರ ಕೆಳಗೆ ಇಟ್ಟಳು, ನೋಡ, ನಿಯಮ ಅಂದ್ರ ಹಿಂಗ ಇರಬೇಕು, ಮಂದೀಗಿ ಆಧಾರ ಆಗಬೇಕು ಅಂದಳು, ನಕ್ಕು ನಕ್ಕು ಹೊಟ್ಟೆ ನೋವು ಬಂದಿತ್ತು. ಆ ಮೇಲೆ ಮಂಚ ಅಲುಗಾಡಲೇ ಇಲ್ಲ.

ಆ ಪುಸ್ತಕದಲ್ಲೇ ಇತ್ತಂತೆ, ಸಂಜೆ ಆರರ ಮೇಲೆ ಹುಡುಗಿಯರ ಹಾಸ್ಟೆಲಿನ ಗೇಟು ತೆರೆಯಬೇಕಾದರೆ ತಂದೆಯ ನಂಬರಿನಿಂದ ಫೋನು ಬರಬೇಕು, ಅರ್ಜಿಯಲ್ಲಿ ತಂದೆಯ ನಂಬರಿಗೆ ಮಾತ್ರ ಜಾಗ, ಖಾಲಿ ಬಿಟ್ಟರೆ ತಗೊಳ್ಳುವುದಿಲ್ಲ ಅಂದರು, ಮಹಜಬೀನಳ ಅಪ್ಪ ತೀರಿಹೋಗಿ ವರ್ಷಗಳಾಗಿದ್ದವು, ಅವಳು ಅಪ್ಪನ ಹಳೆಯ ನಂಬರನ್ನೇ ತುಂಬಿದಳು, ಬಾಯಿಪಾಠ ಇತ್ತಲ್ಲ, ಅದಕ್ಕೇ, ಅಂದಳು — ಮತ್ತೆ ಒಂದು ಸಂಜೆ ಅವಳಿಗೆ ಜ್ವರ ಏರಿ ಹಲ್ಲು ಕಟಕಟ ಅನ್ನುವಾಗ ಗೇಟು ಕಾಯುವ ಮೀರಾಬಾಯಿ ಆ ನಂಬರಿಗೇ ಹಚ್ಚುತ್ತಾಳೆ, ಸತ್ತವನ ನಂಬರಿಗೆ, ಸ್ವಿಚ್ ಆಫ್ ಅನ್ನಾಕತ್ತದವ್ವಾ, ನಾ ಏನ ಮಾಡ್ಲಿ, ಕೀಲಿ ಸೊಂಟದಾಗೇ ಅದ, ತೆಗದ್ರ ನನ್ನ ನೌಕರಿ ಹೋಗ್ತದ, ಅಳುತ್ತಿದ್ದಳು ಮೀರಾಬಾಯಿ, ಅವಳನ್ನು ಬೈಯಲೂ ಬಾಯಿ ಬರಲಿಲ್ಲ, ಮಹಜಬೀನ್ ಗೇಟಿನ ಸರಳು ಹಿಡಿದು ನಿಂತೇ ಇದ್ದಳು, ಹಿಡಿದವಳು ಹಾಗೇ ಕೆಳಗೆ ಜಾರಿದಳು, ಅವಳ ಕೈ ಬಿಡಿಸಿ ಅದೇ ಸರಳನ್ನು ನಾನು ಹಿಡಿದೆ, ಕಬ್ಬಿಣ ಬಿಸಿಯಾಗಿತ್ತು, ಹೆಂಚಿನಿಂದ ಈಗಷ್ಟೇ ತೆಗೆದ ರೊಟ್ಟಿಯಷ್ಟು ಬಿಸಿ. ಬೆಳಗಾದ ಮೇಲೆ ಗೇಟು ತೆರೆಯಿತು, ಆಟೋದಲ್ಲಿ ದವಾಖಾನೆಗೆ ಒಯ್ದೆವು, ಡಾಕ್ಟರು ಇಷ್ಟು ತಡ ಯಾಕ ಮಾಡಿದ್ರಿ ಅಂದರು.

ಹಾಗಾಗಿ ಕೇಳಿದೆ, ಅಷ್ಟೇ, ಕಲ್ಯಾಣದ ಕಾಲೇಜು ಅಂದ ಮೇಲೆ ವರ್ಷಕ್ಕೊಮ್ಮೆ ಅನುಭವ ಮಂಟಪದ ನಾಟಕ ಆಡಲೇಬೇಕು, ಕಲ್ಲಿನಾಥ ಸರ್ ಗಡ್ಡ ಅಂಟಿಸಿಕೊಂಡು ಪೀಠದ ಮೇಲೆ, ನಾನು ಕಸಬರಿಗೆ ಹಿಡಿದ ಶರಣೆ, ಬೀದಿ ಗುಡಿಸುವವಳು, ಆ ಪಾತ್ರ ನನಗೇ ಯಾಕೆ ಅಂತ ಕೇಳಲಿಲ್ಲ, ಗೊತ್ತಿದ್ದದ್ದನ್ನು ಕೇಳುವುದೇನು, ಸರ್ ಗಂಭೀರವಾಗಿ, ಶರಣರೇ, ಇಲ್ಲಿ ಯಾರೂ ಹೆಚ್ಚಲ್ಲ, ಯಾರೂ ಕಡಿಮೆಯಲ್ಲ, ಯಾರಿಗಾದರೂ ಸಂಶಯವಿದ್ದರೆ ಕೇಳಿ ಅನ್ನುತ್ತಾರೆ, ನಾನು ಎದ್ದು, ಸಂಶಯ ನಿವಾರಣೆಯಾಯಿತು ಗುರುಗಳೇ ಅನ್ನಬೇಕು, ನನ್ನದು ಅದೊಂದೇ ಮಾತು, ಪ್ರತಿ ವರ್ಷ ಯಾರೋ ಒಬ್ಬಳು ಹಾಗೆ ಅಂದಿದ್ದಾಳೆ, ಪ್ರತಿ ವರ್ಷ ನಿವಾರಣೆಯಾಗಿದೆ, ಆ ದಿನ ನಾನು ಎದ್ದಾಗ ಅಂಗೈ ಸುಡುತ್ತಿತ್ತು, ಸರಳು ಹಿಡಿದ ಅಂಗೈ, ನನಗೊಂದು ಸಂಶಯ ಉಳಿದಿದೆ ಗುರುಗಳೇ ಅಂದೆ, ಅಪ್ಪ ಇಲ್ಲದ ಹುಡುಗಿಗೆ ಜ್ವರ ಬಂದರೆ ನಿಮ್ಮ ಗೇಟು ಯಾರ ಮಾತಿಗೆ ತೆರೆಯುತ್ತದೆ — ಜನ ಚಪ್ಪಾಳೆ ಹೊಡೆದರು, ನಾಟಕದ್ದೇ ಮಾತು ಅಂದುಕೊಂಡರು, ಸರ್ ಮಾತ್ರ ಗಡ್ಡ ಹಿಡಿದುಕೊಂಡು ಕೂತರು, ಉತ್ತರ ಅವರ ಪಾಠದಲ್ಲಿ ಇರಲಿಲ್ಲ ಪಾಪ. ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದಿದ್ದರು, ಮರುದಿನ ಮಧ್ಯಾಹ್ನದೊಳಗೆ ಬೀದರಿನ ತನಕ ಓಡಾಡಿತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು, ಅವ್ವ ಅಂದಳು ನೋಟಿಸು ಬಂದ ದಿನ, ವಿಚಾರಣೆ ಮುಗಿಯುವವರೆಗೆ ಹಾಸ್ಟೆಲು ಬಿಡತಕ್ಕದ್ದು, ಸಂಬಂಧಪಟ್ಟ ಯಾರೊಡನೆಯೂ ವಿಷಯ ಚರ್ಚಿಸತಕ್ಕದ್ದಲ್ಲ ಅಂತ ಅದರಲ್ಲಿ ಬರೆದಿತ್ತು, ವೇದಿಕೆಯ ಮೇಲೆ ಅಷ್ಟು ಮಾತಾಡಿದವಳು ಮನೆಯಲ್ಲಿ ಕೂತು ಹೆದರಿದೆ, ಮಹಜಬೀನ್ ಫೋನು ಮಾಡಿದಳು, ಹೆಸರು ಕಂಡಿತು, ಎತ್ತಲಿಲ್ಲ, ಅವಳೇ ಸಂಬಂಧಪಟ್ಟವಳಲ್ಲವೇ, ಎತ್ತಿದರೆ ಅವಳ ಮೇಲೂ ನೋಟಿಸು ಬಂದರೆ, ನನ್ನ ಪರೀಕ್ಷೆ ಹೋದರೆ, ಎರಡೂ ಯೋಚಿಸಿದೆ, ಯಾವುದನ್ನು ಮೊದಲು ಯೋಚಿಸಿದೆನೋ ಅದನ್ನು ನೆನೆಸಿಕೊಳ್ಳಲು ಇಷ್ಟವಿಲ್ಲ. ಇವತ್ತು ಬರುವಾಗ ಬಸ್ಸು ಹುಮನಾಬಾದಿನಲ್ಲಿ ನಿಂತಿತು, ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲೇ ಅವಳ ಮನೆ, ಅವಳ ತಾಯಿ ತಾಹೇರಾ ಚಾಚಿ ಬಾಗಿಲಲ್ಲೇ ಮಶೀನು ಇಟ್ಟುಕೊಂಡು ಹೊಲಿಯುತ್ತಾಳೆ, ಇಳದು ಮಾತಾಡಿಸಿ ಬರೂಣೇನು, ಕಲ್ಯಾಣಕ್ಕ ಮುಂದಿನ ಬಸ್ಸಿಗಿ ಹೋದ್ರಾತು ಅಂದ ಅಪ್ಪ, ಬ್ಯಾಡಪ್ಪಾ, ನೋಟಿಸಿನಾಗ ಬರದಾರ, ಅಂದೆ, ಅಪ್ಪ ನನ್ನ ಮುಖ ನೋಡಿದ, ಬಸ್ಸು ಬಿಟ್ಟಿತು.

ಮೊದಲ ನೀವು ಮಾಡ್ರಿ ಅಂತ ಮೇಡಂ ಪೆನ್ನನ್ನು ಅಪ್ಪನ ಕಡೆ ಸರಿಸಿದ್ದಾರೆ, ಅಪ್ಪ ಬಂದು ಬಗ್ಗುತ್ತಾನೆ, ಇನ್ನೇನು ಮಾಡಿಬಿಡುತ್ತಾನೆ, ಮಾಡಪ್ಪಾ, ನಾನೂ ಮಾಡಿಬಿಡುತ್ತೇನೆ, ಬೇಗ ಮುಗಿಯಲಿ, ಬಸ್ಸು ಹಿಡಿಯೋಣ — ಮಾಡ್ತೇನ್ರೀ ಮೇಡಂ, ಅಪ್ಪ ಅನ್ನುತ್ತಾನೆ, ಒಂದ ಮಾತ್ರಿ, ಆ ಪೋರಿ, ಮಹಜಬೀನ, ಈಗ ಹ್ಯಾಂಗ ಅದಾಳ್ರಿ, ಈದ್‌ಗೆ ಸುರ್‌ಕುಂಬಾ ಪಾಯಸ ತಂದು ಕೊಟ್ಟಿದ್ಳು ನಮ್ಮ ಮನಿಗಿ — ಮೇಡಂ ಕಲ್ಲಿನಾಥ ಸರ್ ಕಡೆ ನೋಡುತ್ತಾರೆ, ಸರ್ ಟೇಬಲ್ಲಿನ ಕಡೆ ನೋಡುತ್ತಾರೆ, ನಾನು ಯಾರ ಕಡೆ ನೋಡಲಿ, ನನಗೂ ಗೊತ್ತಿಲ್ಲ, ಅವಳ ಸಲುವಾಗಿ ಊರೆಲ್ಲ ಗದ್ದಲ ಎಬ್ಬಿಸಿದವಳಿಗೆ ಅವಳು ಹೇಗಿದ್ದಾಳೆ ಅನ್ನುವುದೇ ಗೊತ್ತಿಲ್ಲ.

ಆಕಿ ಟಿ.ಸಿ. ತಗೊಂಡು ಹೋದ್ಳರಿ, ಸರ್ ಮೆಲ್ಲಗೆ ಹೇಳುತ್ತಿದ್ದಾರೆ, ಪಾಠ ಮಾಡುವಾಗ ಕೊನೆಯ ಬೆಂಚಿಗೂ ಕೇಳುವ ದನಿ, ಈಗ ಅಪ್ಪನಿಗೂ ಕೇಳುತ್ತಿಲ್ಲ, ಏನಂದ್ರಿ, ಟಿ.ಸಿ.ರಿ, ಹೋದ ವಾರ, ತಾಯಿ ಕೂಡ ಬಂದಿದ್ಳು, ಆ ಹುಡುಗಿನೇ ಬರದು ಕೊಟ್ಟಾಳ, ನಂಬರ ತಪ್ಪ ಕೊಟ್ಟಾಕಿ ನಾನೇ, ವಿಶಾಖಾಂದೇನೂ ತಪ್ಪಿಲ್ಲ, ನಾ ಹೋದ್ರ ಆಕಿ ಮ್ಯಾಲಿನ ಕೇಸು ಬಿಡ್ರಿ ಅಂತ, ನಾ ಬ್ಯಾಡ ಅಂದೆರಿ, ಕೇಳಲಿಲ್ಲ, ವಿಶಾಖಾಗ ಫೋನ್ ಹಚ್ಚೀನ್ರೀ ಸರ್, ಎತ್ತವಲ್ಳು, ಆಕಿಗಿ ಸಿಟ್ಟ ಬಂದಿರಬೇಕು ಅಂದ್ಳು — ಸಿಟ್ಟು, ನನಗೆ, ಅವಳ ಮೇಲೆ — ಸರ್ ಕನ್ನಡಕ ತೆಗೆದು ಒರೆಸುತ್ತಿದ್ದಾರೆ, ಅಪ್ಪ ಪೆನ್ನನ್ನು ಕಾಗದದ ಮೇಲೆ ಅಡ್ಡ ಇಟ್ಟಿದ್ದಾನೆ, ಸಹಿ ಮಾಡಿಲ್ಲ, ಮಾಡಬೇಡ ಎಂದೂ ಹೇಳುತ್ತಿಲ್ಲ, ನನ್ನನ್ನು ನೋಡುತ್ತಿದ್ದಾನೆ ಅಷ್ಟೇ, ಬಸ್ಸಿನಲ್ಲಿ ನೋಡಿದ ಹಾಗೆಯೇ, ಮುಗಸವಾ ವಿಶಾಖಾ, ಆಕೀನೇ ಬಿಟ್ಟು ಹೋದ ಮ್ಯಾಲ ಇನ್ನೇನದ, ಅನ್ನುತ್ತಾರೆ ಮೇಡಂ, ಒಳ್ಳೆಯದಕ್ಕೇ ಹೇಳುತ್ತಿದ್ದಾರೆ, ನನ್ನ ಒಳ್ಳೆಯದಕ್ಕೆ, ನಾನು ಪೆನ್ನು ಎತ್ತಿಕೊಳ್ಳುತ್ತೇನೆ, ನನ್ನ ಹೆಸರಿನ ಕೆಳಗೆ ಗೆರೆ, ವಿಷಾದಿಸುತ್ತೇನೆ, ಹೌದು, ವಿಷಾದಿಸುತ್ತೇನೆ, ಆದರೆ ಇವರ ಮುಂದೆ ಅಲ್ಲ, ಆ ಗಲ್ಲಿಯಲ್ಲಿ, ಆ ಮಶೀನಿನ ಪಕ್ಕ ಕೂತು, ಇಲ್ರೀ ಮೇಡಂ, ಯಾರ ದನಿ, ನನ್ನದೇ, ನಾ ಮಾಡೂದಿಲ್ರಿ, ಹಾಲ್‌ಟಿಕೆಟ್ ಸಿಗಂಗಿಲ್ಲ ನೋಡು, ಗೊತ್ತದರಿ, ವರ್ಷ ಹೋಗ್ತದ, ಗೊತ್ತದರಿ, ಪೆನ್ನು ಇನ್ನೂ ಕೈಯಲ್ಲೇ ಇದೆ, ಕೆಳಗಿಡಬೇಕು, ಬೆರಳು ಬಿಡುತ್ತಿಲ್ಲ, ಅವಳ ಬೆರಳೂ ಹೀಗೇ ಬಿಟ್ಟಿರಲಿಲ್ಲ, ಒಂದೊಂದಾಗಿ ಬಿಡಿಸಿದ್ದೆ, ಕಿರುಬೆರಳು ಕೊನೆಗೆ, ಅವಳ ಕೈ ಇದ್ದ ಜಾಗ, ಆ ಸರಳು, ಬಿಸಿ, ಇನ್ನೂ ಬಿಸಿ —