ಈ ಬಿಲ್ಲೆ ಈಗ ಯಾರದ್ದು?

"ಮೇಡಂ, ನನಗೆ ಪ್ರಾಸ್ಟೇಟ್ ಆಪರೇಷನ್ ಆಗಿದೆಯಂತೆ. ಯಾವಾಗ ಮಾಡಿಸಿದ್ರಿ, ನನಗೇ ಗೊತ್ತಾಗ್ಲಿಲ್ವಲ್ಲ?"

ಡ್ರೈವರಮ್ಮ ಸೊಂಟಕ್ಕೆ ಕೈಯಿಟ್ಟು ಕಂಪ್ಯೂಟರಿನ ಮುಂದೆ ನಿಂತಿದ್ದಳು. ಡಿಪೋದ ಹೊಸ ಪೋರ್ಟಲ್ಲನ್ನು ಒಮ್ಮೆ ತೆರೆದು ನೋಡಿ ಹೇಳು ಎಂದು ಕರೆದದ್ದಕ್ಕೆ, ಬೆಳಗಿನ ಪಾಳಿ ಮುಗಿಸಿದವಳು ಊಟಕ್ಕೂ ಹೋಗದೆ ಬಂದಿದ್ದಳು. ಪರದೆಯ ಮೇಲೆ ಅವಳದೇ ಫೋಟೋ, ಅವಳ ಅಂಗಿಯ ಮೇಲಿನದೇ ಬಿಲ್ಲೆ ನಂಬರು. ನಾಳಿನ ಡ್ಯೂಟಿ, ಉಳಿದ ರಜೆ ಎಲ್ಲ ಸರಿ. ಆರೋಗ್ಯ ತಪಾಸಣೆಯ ಚೌಕದಲ್ಲಿ ಮಾತ್ರ ಯಾರೋ ಅರವತ್ತರ ಗಂಡಸು ಕುಳಿತಿದ್ದ.

ಪೋರ್ಟಲ್ಲಮ್ಮನಿಗೆ ನಗು ಬರಲಿಲ್ಲ. ಆ ಹೆಸರು ಡಿಪೋದವರು ಇಟ್ಟದ್ದು. ಡ್ಯೂಟಿಗೊಂದು, ರಜೆಗೊಂದು, ತಪಾಸಣೆಗೊಂದು, ಸುತ್ತೋಲೆಗಳಿಗೊಂದು ಎಂದು ಬೇರೆ ಬೇರೆ ಬಿದ್ದಿದ್ದ ನಾಲ್ಕು ವ್ಯವಸ್ಥೆಗಳನ್ನು ಒಂದೇ ಪುಟಕ್ಕೆ ತರಲು ಅವಳು ಎಂಟು ತಿಂಗಳಿಂದ ಹೆಣಗುತ್ತಿದ್ದಳು. ತಾರೀಕು ಎರಡು ಸಲ ಮುಂದೆ ಹೋಗಿತ್ತು. "ನಾಳೆ ಬೆಳಿಗ್ಗೆ ಐದಕ್ಕೆ ಇದರಲ್ಲೇ ಡ್ಯೂಟಿ ಹಂಚಬೇಕು. ಇನ್ನೊಂದು ತಾರೀಕು ಕೇಳಿದ್ರೆ ನಾವು ಬೇರೆಯವರನ್ನ ನೋಡ್ಕೋತೀವಿ," ಎಂದು ಮ್ಯಾನೇಜರು ಕಡ್ಡಿ ಮುರಿದಂತೆ ಹೇಳಿದ್ದರು. ಮನೆಯಲ್ಲಿ ಇಬ್ಬರು ಮಕ್ಕಳು. ದುಡಿಯುವ ಕೈ ಅವಳದೊಂದೇ.

"ಬಿಲ್ಲೆ ನಂಬರು ಡ್ಯೂಟಿಯಲ್ಲೂ ತಪಾಸಣೆಯಲ್ಲೂ ಒಂದೇ ಇದೆ," ಎಂದಳು, ತನಗೆ ತಾನೇ ಹೇಳಿಕೊಳ್ಳುವಂತೆ. "ಮತ್ತೆ ಹೇಗೆ ತಪ್ಪಾಯ್ತು?"

"ನಂಬರು ಒಂದೇ ಮೇಡಂ. ಆಳು ಬೇರೆ."

ಬಾಗಿಲಲ್ಲಿ ಕಪಾಟಣ್ಣ ನಿಂತಿದ್ದರು. ದಾಖಲೆ ಕಿಟಕಿಯ ಗುಮಾಸ್ತರು. ಏನು ಕೇಳಿದರೂ ಹಿಂದಿನ ಕಪಾಟಿನಿಂದ ತೆಗೆದುಕೊಡುವುದರಿಂದ ಆ ಹೆಸರು. ನಾಳೆ ಪೋರ್ಟಲ್ ಬಂದರೆ ಅವರ ಕಿಟಕಿ ಮುಚ್ಚಿ, ಅವರನ್ನು ಟೈರು ಗೋಡೌನಿಗೆ ಹಾಕುವುದೆಂದು ಆಗಲೇ ಆದೇಶವಾಗಿತ್ತು. ಎಂಟು ತಿಂಗಳಲ್ಲಿ ಅವರು ಈ ಕೋಣೆಯ ಹೊಸ್ತಿಲು ತುಳಿದದ್ದು ಇದೇ ಮೊದಲು.

"ನಮ್ಮಲ್ಲಿ ರಿಟೈರ್ ಆಗೋರು ಬಿಲ್ಲೆನ ಆಫೀಸಿಗೆ ವಾಪಸ್ ಕೊಡಲ್ಲ," ಎಂದರು. "ಹೊಸಬರಲ್ಲಿ ತಮಗೆ ಯಾರ ಕೈ ಮೇಲೆ ನಂಬಿಕೆನೋ ಅವರ ಅಂಗಿಗೆ ತಾವೇ ಚುಚ್ಚಿ ಹೋಗ್ತಾರೆ. ಈ ತಾಯಿಗೆ ಕೊಟ್ಟಿದ್ದು ಮೀಸೆ ಯಜಮಾನರು."

"ಅವರ ಬಿಲ್ಲೆ ಸಿಕ್ಕಿದ್ದಕ್ಕೆ ಖುಷಿಪಟ್ಟಿದ್ದೆ. ಕಾಯಿಲೆನೂ ಜೊತೆಗೆ ಬರುತ್ತೆ ಅಂತ ಯಾರೂ ಹೇಳಿರ್ಲಿಲ್ಲ," ಎಂದಳು ಡ್ರೈವರಮ್ಮ.

"ತಪಾಸಣೆಯವರು ಇಷ್ಟು ದಿನ ಹೇಗೆ ನಿಭಾಯಿಸ್ತಿದ್ರು?" ಎಂದು ಪೋರ್ಟಲ್ಲಮ್ಮ ಕೇಳಿದಳು.

"ನನಗೆ ಫೋನ್ ಮಾಡೋರು. ಈ ಬಿಲ್ಲೆ ಈಗ ಯಾರದ್ದು ಅಂತ. ನಾನು ಹೇಳೋನು. ಅದನ್ನೊಂದು ಕೆಲಸ ಅಂತ ಯಾರು ಲೆಕ್ಕಕ್ಕೆ ಇಟ್ಕೊಂಡಿದ್ರು, ನಿಮಗೆ ಹೇಳೋಕೆ?" ಕಪಾಟಣ್ಣ ದನಿ ತಗ್ಗಿಸಿದರು. "ಇದು ನಗೋ ವಿಷಯ ಆಯ್ತು. ಮುನ್ನೂರ ಹನ್ನೆರಡು ಹಾಕಿ ನೋಡಿ."

ಹಾಕಿದಳು. ಹಸಿರು ಗುರುತು: ಬಸ್ಸು ಓಡಿಸಲು ಅರ್ಹ.

"ಆ ನಂಬರಲ್ಲಿ ಇಬ್ಬರ ತಪಾಸಣೆನೂ ಇದೆ. ಈ ಹಸಿರು ಗುರುತು ಬಿಲ್ಲೆ ಮೊದಲಿದ್ದವರದ್ದು. ಈಗ ಅದು ಇರೋರಿಗೆ ಹೋದ ವಾರ ತಲೆಸುತ್ತು ಬಂದು, ಡಾಕ್ಟರು ಮೂರು ತಿಂಗಳು ಸ್ಟೀರಿಂಗ್ ಮುಟ್ಟಬೇಡ ಅಂದಿದ್ದಾರೆ. ಅವರಿಗೋ ಮನೇಲಿ ಕೂತ್ಕೊಳ್ಳೋಕಾಗಲ್ಲ. ನಿಮ್ಮ ಪೋರ್ಟಲ್ ಡ್ಯೂಟಿ ಕೊಟ್ರೆ ಬಂದೇ ಬರ್ತಾರೆ."

ಪರೀಕ್ಷೆಗೆಂದು ಪೋರ್ಟಲ್ಲಮ್ಮ ಇಪ್ಪತ್ತು ನಂಬರು ಹಾಕಿ ನೋಡಿದ್ದಳು. ಇಪ್ಪತ್ತೂ ಕೈ ಬದಲಾಯಿಸದ ಬಿಲ್ಲೆಗಳಾಗಿದ್ದಿರಬೇಕು. ಮ್ಯಾನೇಜರಿಗೆ ಏನೆಂದು ಹೇಳುವುದು ಎಂದು ಅವಳು ಮಾತು ಹುಡುಕುತ್ತಿರುವಾಗಲೇ ಕಪಾಟಣ್ಣ ಹೊರಗೆ ಹೋದರು. ಐದು ನಿಮಿಷದಲ್ಲಿ, ಬೆನ್ನು ಕಿತ್ತುಹೋದ ಉದ್ದನೆಯ ಪುಸ್ತಕವೊಂದನ್ನು ಎದೆಗವಚಿಕೊಂಡು ಬಂದರು. ಯಾವ ಬಿಲ್ಲೆ, ಯಾರಿಂದ ಯಾರಿಗೆ, ಯಾವ ದಿನ ಎಂಬುದೆಲ್ಲ ಅದರಲ್ಲಿತ್ತು.

"ನಾನು ಓದ್ತೀನಿ. ನೀವು ಒತ್ತಿ."

ಅವರು ಓದಿದರು, ಅವಳು ಒತ್ತಿದಳು. ಡ್ರೈವರಮ್ಮ ಎಲ್ಲಿಂದಲೋ ಎರಡು ಲೋಟ ಚಹಾ ತಂದಿಟ್ಟು ಮನೆಗೆ ಹೋದಳು. ನೂರ ಹದಿನಾಲ್ಕು ಬಿಲ್ಲೆಗಳು. ಬಿಲ್ಲೆ ಕೈ ಬದಲಾದ ದಿನಕ್ಕಿಂತ ಹಿಂದಿನ ತಪಾಸಣೆ ಹೊಸಬರ ಪುಟಕ್ಕೆ ಬಾರದಂತೆ ತಡೆ ಹಾಕಿ, ಸಂಜೆ ಐದೂವರೆಗೆ ಮತ್ತೆ ಮುನ್ನೂರ ಹನ್ನೆರಡು ಹಾಕಿದಳು. ಕೆಂಪು. ಅವಳು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದಳು.

"ನೀವು ಸುಮ್ನೆ ಇದ್ದಿದ್ರೆ ನಾಳೆನೇ ಇದನ್ನ ಕಿತ್ತು ಹಾಕೋರು. ನಿಮ್ಮ ಕಿಟಕಿ ಉಳಿಯೋದು."

"ಅನ್ಕೊಂಡಿದ್ದೆ," ಎಂದರು ಕಪಾಟಣ್ಣ, ಕನ್ನಡಕ ಒರೆಸುತ್ತಾ. "ಮೂರು ದಿನ ಅದನ್ನೇ ಅನ್ಕೊಂಡು ಓಡಾಡಿದ್ದೀನಿ. ಆಮೇಲೆ ಊಟನೇ ಸೇರ್ಲಿಲ್ಲ."

ಥ್ಯಾಂಕ್ಸ್ ಎಂಬುದು ಲಿಫ್ಟಿನ ಬಾಗಿಲು ಹಿಡಿದವರಿಗೂ ಹೇಳುವ ಮಾತು. ಅವಳು ಪರದೆಯತ್ತ ತಿರುಗಿ, ಬಿಲ್ಲೆ ಬದಲಾವಣೆಗೆಂದು ಒಂದು ಹೊಸ ಪುಟ ತೆರೆದಳು. ತಿದ್ದುವ ಅಧಿಕಾರ ಯಾರಿಗೆ ಎಂದಿದ್ದಲ್ಲಿ ಕಪಾಟಣ್ಣನವರ ಹೆಸರು ಹಾಕಿದಳು. ಬೇರೆ ಯಾರದ್ದೂ ಹಾಕಲಿಲ್ಲ.

"ಗೋಡೌನಲ್ಲೂ ಒಂದು ಕಂಪ್ಯೂಟರ್ ಇಡಬೇಕಾಗುತ್ತೆ ಅಂತ ಮ್ಯಾನೇಜರಿಗೆ ನಾನೇ ಹೇಳ್ತೀನಿ. ಬಿಲ್ಲೆ ಯಾರದ್ದು ಅನ್ನೋದನ್ನ ಇನ್ಮೇಲೂ ನೀವೇ ಹೇಳ್ಬೇಕು. ಬನ್ನಿ, ನಿಮ್ಮ ಪಾಸ್‌ವರ್ಡ್ ಹಾಕಿ."

"ನನಗೆ ಅಂತ ಒಂದು ಯಾರೂ ಕೊಟ್ಟಿಲ್ವಲ್ಲ."

"ಕೊಡೋದಲ್ಲ. ನೀವೇ ಇಟ್ಕೊಳ್ಳೋದು. ನನಗೂ ಹೇಳ್ಬಾರ್ದು."

ಕಪಾಟಣ್ಣ ಕುರ್ಚಿಯ ತುದಿಯಲ್ಲಿ ಕುಳಿತು ತೋರುಬೆರಳೊಂದನ್ನು ಎತ್ತಿದರು. ಪೋರ್ಟಲ್ಲಮ್ಮ ಎದ್ದು, ಅವರಿಗೆ ಬೆನ್ನು ಮಾಡಿ ನಿಂತಳು. ಹೊರಗೆ ಬಸ್ಸುಗಳು ಒಂದೊಂದೇ ಒಳಬಂದು ಸಾಲಿಗೆ ನಿಲ್ಲುತ್ತಿದ್ದವು. ಹಿಂದೆ ಒಂದು ಅಕ್ಷರದ ಸದ್ದು. ಬಹಳ ಹೊತ್ತಿನ ಮೇಲೆ ಇನ್ನೊಂದು. ಅವಳು ತಿರುಗಿ ನೋಡಲಿಲ್ಲ.