ಏಳೂಕಾಲರ ಬಸ್ಸು

ಏಪ್ರಿಕಾಟ್ ಮರಗಳು ಹೂ ಉದುರಿಸುವ ಕಾಲ, ಮೇ ತಿಂಗಳ ಮೊದಲ ದಿನ, ಬೆಳಗಿನ ಏಳು ಗಂಟೆಯ ಹೊತ್ತು. ಆವತ್ತು ಕಾರಾ-ಅರ್ಚಾ ಕಣಿವೆಗೆ ಮೊದಲ ಸಲ ಸರ್ಕಾರದ ಬಸ್ಸು ಬಂತು. ಹಳದಿ ಬಣ್ಣ, ಹದಿನೆಂಟು ಸೀಟು. ಕಣಿವೆಯ ತಲೆಯಲ್ಲಿರುವ ಉದ್ಯಾನಕ್ಕೂ ದಾರಿಯ ಹಳ್ಳಿಗಳಿಗೂ ಸೇರಿ ಒಂದೇ ಬಸ್ಸು ಎಂದು ಸರ್ಕಾರ ಅನುದಾನ ಕೊಟ್ಟಿತ್ತು. ಅಲ್ಲಿಯವರೆಗೆ ಉದ್ಯಾನದಲ್ಲಿ ಕೆಲಸವಿದ್ದವರು ಬಾಡಿಗೆ ಕಾರಿನವರಿಗೆ ಗೋಗರೆಯಬೇಕಿತ್ತು, ಇಲ್ಲವೇ ಹದಿನಾಲ್ಕು ಕಿಲೋಮೀಟರ್ ಏರುದಾರಿ ನಡೆಯಬೇಕಿತ್ತು.

ಅನುದಾನಕ್ಕೆ ಇದ್ದ ಕರಾರು ಒಂದೇ. ಬಸ್ಸು ಏಳೂಕಾಲಕ್ಕೆ ಗಿರಣಿಯ ಬಳಿಯಿಂದ ಹೊರಟು ಎಂಟಕ್ಕೆ ಉದ್ಯಾನದ ಗೇಟು ಮುಟ್ಟಬೇಕು. ಮೂರು ತಿಂಗಳು ಹಾಗೆ ಓಡಿದರೆ ಬಸ್ಸು ಇಲ್ಲೇ ಖಾಯಂ. ಇಲ್ಲದಿದ್ದರೆ ಪಕ್ಕದ ಕಣಿವೆಯವರು ಅರ್ಜಿ ಹಾಕಿಕೊಂಡು ಕಾದಿದ್ದರು.

ಶೇರ್ಮಾತ್ ಅಜ್ಜನಿಗೆ ಆ ಬಸ್ಸೆಂದರೆ ಪ್ರಾಣ. ಎಪ್ಪತ್ನಾಲ್ಕು ವರ್ಷ, ಅರ್ಧ ಆಯುಷ್ಯ ಕುರಿಗಳ ಹಿಂದೆ ನಡೆದು ಸವೆದ ಮಂಡಿ. ಉದ್ಯಾನದೊಳಗಿನ ಬಿಸಿನೀರ ಚಿಲುಮೆಯಲ್ಲಿ ಕಾಲಿಟ್ಟು ಕೂತರೆ ನೋವು ಇಳಿಯುತ್ತಿತ್ತು. ಅವನ ಸೊಸೆ ಜೀಪಾರಳಿಗೂ ಬಸ್ಸಿನಿಂದಲೇ ಕೆಲಸ ಸಿಕ್ಕಿತ್ತು. ಗಂಡ ಬೇಸಿಗೆಯೆಲ್ಲ ಮೇಲಿನ ಹುಲ್ಲುಗಾವಲಲ್ಲಿ ಕುರಿಗಳ ಜೊತೆ. ಇವಳು ಉದ್ಯಾನದ ಗೇಟಿನಲ್ಲಿ ಟಿಕೆಟ್ ಹರಿಯುವುದು, ಬಸ್ಸು ಬಂದ ಹೊತ್ತನ್ನು ಪುಸ್ತಕದಲ್ಲಿ ಬರೆಯುವುದು. ಮದುವೆಯಾಗಿ ಬಂದ ಒಂಬತ್ತು ವರ್ಷದಲ್ಲಿ ಅವಳು ಸ್ವಂತಕ್ಕೆ ಅಂತ ಮಾಡಿದ ಮೊದಲ ಕೆಲಸ ಅದು. ಬೆಳಗಿನ ಆರಕ್ಕೇ ತಲೆವಸ್ತ್ರ ಕಟ್ಟಿ, ಹಸುವಿನ ಹಾಲು ಕರೆದಿಟ್ಟು, ಹಾಡು ಗುನುಗುತ್ತಾ ಗಿರಣಿಯ ಕಡೆ ನಡೆಯುವಳು.

ಬಸ್ಸು ಗಿರಣಿಯಿಂದ ಸರಿಯಾಗಿಯೇ ಹೊರಡುತ್ತಿತ್ತು. ಆದರೆ ಶೇರ್ಮಾತ್ ಅಜ್ಜನ ಮನೆ ದಾರಿಯಲ್ಲೇ ಸಿಗುತ್ತಿತ್ತು. ಡ್ರೈವರ್ ಮೆದೇರ್ ಮರ್ಯಾದಸ್ಥರ ಮನೆಯ ಹುಡುಗ. ಊರಿನ ಹಿರಿಯರು ಗಿರಣಿವರೆಗೆ ನಡೆದು ಬರುವುದೇ? ಅವನು ಅವರ ಗೇಟಿನ ಮುಂದೆ ನಿಲ್ಲಿಸಿ ಹಾರ್ನ್ ಹೊಡೆಯುತ್ತಿದ್ದ.

"ಬಂದೆ ಮಗಾ, ಚಹಾ ಮುಗೀಲಿ!" ಎಂದು ಒಳಗಿನಿಂದ ಕೂಗು.

"ನಿಧಾನಕ್ಕೆ ಕುಡೀರಿ ಅತಾ, ನಾನೇನು ರೈಲು ಓಡಿಸ್ತೀನಾ?" ಅಪ್ಪನ ವಯಸ್ಸಿನವರನ್ನೆಲ್ಲ ಅಲ್ಲಿ ಅತಾ ಎಂದೇ ಕರೆಯುವುದು.

ಅಷ್ಟರಲ್ಲಿ ಅಜ್ಜಿ ಬುರುಲ್ ಬಟ್ಟೆಯಲ್ಲಿ ಸುತ್ತಿದ ಬಿಸಿ ರೊಟ್ಟಿ ಹಿಡಿದು ಹೊರಗೆ ಬರುವಳು. ಮನೆಬಾಗಿಲಿಗೆ ಬಂದವರು ರೊಟ್ಟಿಯ ಒಂದು ಚೂರಾದರೂ ಮುರಿದು ಬಾಯಿಗಿಡದೆ ಹೋಗುವ ಹಾಗಿಲ್ಲ. ಅದನ್ನು ಬೇಡವೆನ್ನುವ ಮನುಷ್ಯ ಆ ಕಣಿವೆಯಲ್ಲಿ ಹುಟ್ಟಿಲ್ಲ. ಬಸ್ಸಿನಲ್ಲಿದ್ದವರೆಲ್ಲ ಮುರಿಯುವರು. ರೊಟ್ಟಿ ತಿಂದ ಮೇಲೆ ಗಂಟಲು ಒಣಗುತ್ತದಲ್ಲ, ಚಹಾ ಬರುವುದು. ಮುಂದಿನ ಸೇತುವೆಯಲ್ಲಿ ಹಾಲಿನ ಕ್ಯಾನು ಹೊತ್ತ ನಾಲ್ವರು ಹೆಂಗಸರು ಬಸ್ಸಿನ ದಾರಿ ನೋಡುತ್ತಾ ನಿಂತೇ ಇರುವರು. ಅಜ್ಜ ಹತ್ತಿ ಮುಂದಿನ ಸೀಟಿನಲ್ಲಿ ಕೂತಾಗ ಎಲ್ಲರೂ ಎದ್ದು ನಮಸ್ಕರಿಸುವರು. ಅವನಿಗೆ ತನ್ನ ಊರಿನ ಮೇಲೆ ಅಕ್ಕರೆ ಉಕ್ಕುತ್ತಿತ್ತು. ಇಂಥ ಜನ ಎಲ್ಲಿದ್ದಾರೆ, ಇಂಥ ಬಸ್ಸು ಎಲ್ಲಿದೆ!

ಜುಲೈ ಹದಿನೈದರಂದು ಚಿಲುಮೆಯಲ್ಲಿ ಕಾಲು ನೆನೆಸಿ ಬಂದ ಅಜ್ಜ ಟಿಕೆಟ್ ಕೋಣೆಯ ಹಿಂದಿನ ಬೆಂಚಿನ ಮೇಲೆ ಬಿಸಿಲಿಗೆ ಕೂತಿದ್ದ. ಕಿಟಕಿ ತೆರೆದಿತ್ತು. ಒಳಗೆ ಯಾರೋ ಹಾಳೆ ಮಗುಚುವ ಸದ್ದು. ಅನುದಾನದ ಕಚೇರಿಯಿಂದ ತಪಾಸಣೆಗೆ ಬಂದಿದ್ದ ಸಾಲ್ಕಿನ್ ಎಂಬ ಹೆಂಗಸು.

"ಮೂವತ್ತಾರು ದಿನ ತಡ. ಕಾರಣ ಬರೆಯೋ ಜಾಗ ಮೂವತ್ತಾರು ದಿನವೂ ಖಾಲಿ. ಏನಮ್ಮ ಇದು? ಗಾಡಿ ಕೆಟ್ಟಿತ್ತಾ?"

"ಇಲ್ಲ ಎಜೆ." ಅಕ್ಕನನ್ನು ಕರೆಯುವ ಹಾಗೆ, ಮೆಲ್ಲಗೆ, ಜೀಪಾರಳ ದನಿ.

"ಡ್ರೈವರ್ ಕುಡೀತಾನಾ?"

"ಅಯ್ಯೋ, ಮೆದೇರ್ ಐರಾನ್ ಮಜ್ಜಿಗೆ ಬಿಟ್ಟು ಬೇರೆ ಮುಟ್ಟಲ್ಲ."

"ಮತ್ತೆ?"

"ಒಬ್ಬರಿಗೋಸ್ಕರ ಕಾಯುತ್ತೆ."

"ಯಾರಿಗೆ? ಹೆಸರು ಬರಿ, ನಾನು ಹೋಗಿ ಮಾತಾಡ್ತೀನಿ."

ಪೆನ್ನು ಮೇಜಿನ ಮೇಲಿಟ್ಟ ಸದ್ದು. ಆಮೇಲೆ ಜೀಪಾರ್ ಹೇಳಿದಳು, "ಆ ಹೆಸರು ನಾನು ಬರೆಯೋ ಹಾಗಿಲ್ಲ ಎಜೆ."

ಬೆಂಚಿನ ಮೇಲೆ ಅಜ್ಜನ ಕೈ ಮಂಡಿಯ ಮೇಲೇ ನಿಂತುಬಿಟ್ಟಿತು. ಅವರ ಕಡೆ ಸೊಸೆಯಾದವಳು ಮಾವನ ಹೆಸರು ಬಾಯಲ್ಲಿ ತರುವುದಿಲ್ಲ. ಈಗಿನ ಹುಡುಗಿಯರು ಬಿಟ್ಟಿದ್ದಾರೆ, ಜೀಪಾರ್ ಬಿಟ್ಟಿರಲಿಲ್ಲ. ಒಂಬತ್ತು ವರ್ಷದಲ್ಲಿ ಒಮ್ಮೆಯೂ ಅವಳು ಶೇರ್ಮಾತ್ ಎಂದದ್ದಿಲ್ಲ. ಇಡೀ ಕಣಿವೆಯಲ್ಲಿ ಅವಳು ಆಡಲಾರದ ಹೆಸರು ತನ್ನದೊಂದೇ.

"ಓ," ಎಂದಳು ಸಾಲ್ಕಿನ್. ದನಿ ಇಳಿದಿತ್ತು. "ನಾನೂ ಸೊಸೆಯಾಗಿ ಬಂದವಳೇ ಕಣಮ್ಮ. ನನಗೆ ಅರ್ಥ ಆಗುತ್ತೆ, ಫಾರಮ್ಮಿಗೆ ಆಗಲ್ಲ. ಖಾಲಿ ಬಿಟ್ಟರೆ ಬರೆಯೋಳು ಸೋಮಾರಿ ಅಂತಾರೆ. ಬಸ್ಸು ಪಕ್ಕದ ಕಣಿವೆಗೆ ಹೋಗುತ್ತೆ, ನಿನ್ನ ಕೆಲಸವೂ ಅದರ ಜೊತೆ. ರಸ್ತೆ ಹಾಳಾಗಿತ್ತು ಅಂತ ಬರೆದುಬಿಡಬಾರದಿತ್ತಾ?"

"ರಸ್ತೆ ಚೆನ್ನಾಗಿದೆಯಲ್ಲ ಎಜೆ. ಸುಳ್ಳು ಹೇಗೆ ಬರೀಲಿ?"

ಅಜ್ಜ ಎದ್ದ. ಮಂಡಿ ನೋಯುತ್ತಿತ್ತೋ ಇಲ್ಲವೋ, ಅವನಿಗೆ ಗೊತ್ತಾಗಲಿಲ್ಲ. ಸೇತುವೆಯ ಹೆಂಗಸರು ದಿನವೂ ನಮಸ್ಕರಿಸುವಾಗ ಕ್ಯಾನಿನ ಮುಚ್ಚಳ ಎತ್ತಿ ಮೂಸಿ ನೋಡುತ್ತಿದ್ದುದು ಈಗ ಕಣ್ಣಿಗೆ ಬಂತು. ಹಾಲು ಒಡೆದಿದೆಯೋ ಎಂದು ನೋಡುತ್ತಿದ್ದರು. ಅವನು ಅದನ್ನು ನೋಡಿದ್ದ, ಕಂಡಿರಲಿಲ್ಲ.

ಕೋಣೆಯ ಮುಂದಕ್ಕೆ ಸುತ್ತಿ ಬಂದು ಟೋಪಿ ಸರಿಮಾಡಿಕೊಂಡ. ಮಾವನನ್ನು ಕಂಡ ಜೀಪಾರ್ ಕೆಂಪಾಗಿ ಎದ್ದು ನಿಂತಳು.

"ಪೆನ್ನು ಕೊಡು ಸೊಸೆ."

"ಅತಾ, ನೀವು ಯಾಕೆ..."

"ಕೊಡು ಅಂದೆ. ನಿನಗೆ ಬರೆಯೋಕಾಗದ್ದು ನನಗೆ ಬರುತ್ತೆ. ನಾಲ್ಕು ಕ್ಲಾಸು ಓದಿದ್ದು ಇದಕ್ಕಾದರೂ ಆಗಲಿ."

ಅವನು ಮೊದಲ ಖಾಲಿ ಜಾಗದಲ್ಲಿ ಬರೆದ: ಶೇರ್ಮಾತ್ ಚಹಾ ಕುಡಿಯುತ್ತಿದ್ದ. ಎರಡನೆಯದರಲ್ಲಿ ಅದೇ. ಮೂರನೆಯದರಲ್ಲಿ ಅದೇ. ಅಕ್ಷರಗಳು ಗುಡ್ಡ ಹತ್ತುವ ಕುರಿಗಳ ಹಾಗೆ ಒಂದೊಂದು ಒಂದೊಂದು ಕಡೆ. ಹತ್ತನೆಯದರ ಹೊತ್ತಿಗೆ ಬೆರಳು ನೋಯಿತು. ಇಪ್ಪತ್ತರ ಹೊತ್ತಿಗೆ ಸಾಲ್ಕಿನ್, "ಸಾಕು ಅತಾ, ಉಳಿದದ್ದಕ್ಕೆ ಮೇಲಿನಂತೆ ಅಂತ ಹಾಕೋಣ" ಎಂದಳು.

"ಕಾದವರು ಮೇಲಿನಂತೆ ಅಂತ ಕಾಯಲಿಲ್ಲ ಮಗಳೇ. ಪ್ರತಿ ದಿನವೂ ಬೇರೆ ಬೇರೆಯಾಗಿಯೇ ಕಾದರು." ಮೂವತ್ತಾರೂ ಬರೆದ.

ಸಾಲ್ಕಿನ್ ಕನ್ನಡಕ ತೆಗೆದು ಒರೆಸಿದಳು. "ಇನ್ನು ಹದಿನಾರು ದಿನ ಇದೆ. ಒಂದು ದಿನವೂ ತಡವಾಗದಿದ್ದರೆ, ತಪ್ಪು ತಿದ್ದಿಕೊಂಡಿದ್ದಾರೆ ಅಂತ ನಾನು ಬರೀಬಹುದು. ಒಂದು ದಿನ ತಪ್ಪಿದರೂ ಆಗಲ್ಲ. ಮೂವತ್ತೊಂದಕ್ಕೆ ನಾನೇ ಬಂದು ಇಲ್ಲಿ ನಿಲ್ತೀನಿ."

ಆ ರಾತ್ರಿ ಬುರುಲ್ ಅಜ್ಜಿ ಒಪ್ಪಲಿಲ್ಲ. "ಬಾಗಿಲ ಮುಂದೆ ಹೋಗೋ ಜನಕ್ಕೆ ರೊಟ್ಟಿ ತೋರಿಸದೆ ಕಳಿಸಬೇಕಾ? ಸರ್ಕಾರದವರ ಮನೇಲಿ ತಾಯಂದಿರಿಲ್ವಾ?"

"ಅವರು ಅತಿಥಿಗಳಲ್ಲ ಕಣೇ. ಕೆಲಸಕ್ಕೆ ಹೊರಟವರು. ನೀನು ರೊಟ್ಟಿ ಕೊಡ್ತಿದ್ದೆ, ನಾನು ಅವರ ಹೊತ್ತು ತಿಂತಿದ್ದೆ."

"ದೊಡ್ಡ ಮಾತು!" ಎಂದು ಅಜ್ಜಿ ಮಗ್ಗುಲು ಬದಲಿಸಿದಳು. ಆದರೂ ಬೆಳಿಗ್ಗೆ ಆರೂವರೆಗೆ ಚಹಾ ಇಟ್ಟಿದ್ದಳು.

ಅಂದಿನಿಂದ ಅಜ್ಜ ಕೋಲೂರಿಕೊಂಡು ಏಳಕ್ಕೇ ಗಿರಣಿಯ ಹತ್ತಿರ ನಿಲ್ಲುತ್ತಿದ್ದ. ಮೊದಲ ದಿನ ಮೆದೇರ್ ಬಸ್ಸಿನಿಂದ ಜಿಗಿದು ಓಡಿ ಬಂದ.

"ಅತಾ, ಏನು ತಪ್ಪು ಮಾಡಿದೆ ನಾನು? ಬೇಜಾರಾಯ್ತಾ ನನ್ನ ಮೇಲೆ?"

"ಬಹಳ. ಇಷ್ಟು ದಿನ ನನ್ನನ್ನು ಬಿಟ್ಟು ಹೋಗದೇ ಇದ್ದದ್ದಕ್ಕೆ. ಬಸ್ಸು ಹತ್ತು, ಹೊತ್ತಾಯ್ತು."

ಹದಿನೈದು ದಿನ ಬಸ್ಸು ಎಂಟರೊಳಗೆ ಗೇಟು ಮುಟ್ಟಿತು. ಹದಿನಾರನೆಯದು ಶುಕ್ರವಾರ, ಜುಲೈ ಮೂವತ್ತೊಂದು. ಹಿಂದಿನ ಸಂಜೆ ಬೀಗರು ಬಂದಿಳಿದರು. ಮಗಳನ್ನು ಕೊಟ್ಟ ಮನೆಯ ಯಜಮಾನ, ಓರ್ಮೋನ್. ಉದ್ಯಾನದ ಗೇಟಿನ ಪಕ್ಕದ ಊರಿನವರು, ಬೆಳಗಿನ ಬಸ್ಸಿಗೇ ವಾಪಸು ಹೊರಡಬೇಕಿದ್ದವರು, ಅಗಲ ಭುಜ, ಅದಕ್ಕಿಂತ ಅಗಲ ಮಾತು. ಬೀಗರು ಕೂತ ಚಾಪೆಯಿಂದ ಆತಿಥೇಯ ಮೊದಲು ಏಳುವ ಹಾಗಿಲ್ಲ. ಅವರನ್ನು ಅವಸರ ಮಾಡಿದರೆ ಆ ಮಾತು ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ.

ಶುಕ್ರವಾರ ಏಳಕ್ಕೆ ಅವರು ಎರಡನೇ ಬಟ್ಟಲು ಚಹಾದಲ್ಲಿದ್ದರು.

"ಬೀಗರೇ, ಬಸ್ಸು ಏಳೂಕಾಲಕ್ಕೆ," ಎಂದ ಅಜ್ಜ, ಆದಷ್ಟು ಮೃದುವಾಗಿ.

"ನಿಮ್ಮ ಬಸ್ಸಲ್ವಾ, ನಿಲ್ಲುತ್ತೆ. ನಿಮ್ಮ ಡ್ರೈವರಿಗೆ ನಿನ್ನೆಯೇ ಹೇಳಿದ್ದೀನಿ. ಆ ಬೆಣ್ಣೆ ಈ ಕಡೆ ಕೊಡಿ. ನಮ್ಮ ಮನೇಲಿ ನಿಮ್ಮ ಮಗಳು ಇಷ್ಟು ಬೆಣ್ಣೆ ಇಡಲ್ಲ, ಜಿಪುಣಿ."

"ನಿಮ್ಮ ಮನೆ ಹಸು ಕೊಟ್ಟರೆ ತಾನೇ ಇಡೋದು!" ಎಂದಳು ಬುರುಲ್. ಬೀಗರು ಗಹಗಹಿಸಿ ನಕ್ಕರು. ಮೂರನೇ ಬಟ್ಟಲು ಮುಂದಕ್ಕೆ ಚಾಚಿದರು.

ಹೊರಗೆ ಬ್ರೇಕಿನ ಸದ್ದು. ಮೆದೇರ್ ನಿಲ್ಲಿಸಿದ್ದ. ಹಾರ್ನ್ ಹೊಡೆಯಲಿಲ್ಲ, ಸುಮ್ಮನೆ ಕಾಯುತ್ತಿದ್ದ.

ಅಜ್ಜ ಬೀಗರ ಮುಖ ನೋಡಿದ. ಅಲ್ಲಿ ಮಗಳ ಬಾಳುವೆಯಿತ್ತು. ಕಿಟಕಿಯಾಚೆ ಬಸ್ಸಿನ ಗಾಜಿನ ಹಿಂದೆ ಸೊಸೆ ತಲೆ ಬಗ್ಗಿಸಿ ಕೂತಿದ್ದಳು. ಇತ್ತ ನೋಡಲೇ ಇಲ್ಲ. ನೋಡಿದರೆ ಕೇಳಿದಂತಾಗುತ್ತದೆಂದು.

ಅವನು ಎದ್ದ. ಬೀಗರು ಇನ್ನೂ ಕೂತಿರುವಾಗಲೇ ಎದ್ದ. ಬುರುಲಳ ಕೈಯಲ್ಲಿದ್ದ ಬಟ್ಟಲು ಅಲ್ಲೇ ನಿಂತಿತು. ಅಂಗಳ ದಾಟಿ ಗೇಟಿಗೆ ಹೋದ.

"ಯಾಕೆ ನಿಂತೆ?"

"ಬೀಗರು ಹೇಳಿದ್ರು ಅತಾ..."

"ಬೀಗರು ನನ್ನ ಮನೆಗೆ ಅತಿಥಿ, ನಿನ್ನ ಬಸ್ಸಿಗಲ್ಲ. ಹೊರಡು."

"ನೀವು?"

"ಅತಿಥಿ ಇರುವಾಗ ನಾನೆಲ್ಲಿ ಬರಲಿ? ಸೇತುವೆ ಹತ್ತಿರ ಹಾಲು ಕಾಯ್ತಿದೆ. ಹೋಗೋ!" ಎಂದು ಕುದುರೆಗೆ ತಟ್ಟುವ ಹಾಗೆ ಬಸ್ಸಿನ ಬದಿಗೆ ಅಂಗೈಯಿಂದ ತಟ್ಟಿದ.

ಬಸ್ಸು ಹೊರಟಿತು. ಧೂಳು ಅಡಗುವವರೆಗೆ ನಿಂತಿದ್ದು ಅಜ್ಜ ಒಳಗೆ ಬಂದ. ಓರ್ಮೋನ್ ಬಟ್ಟಲು ಕೆಳಗಿಟ್ಟಿದ್ದರು. ಮುಖ ಕಪ್ಪಿಟ್ಟಿತ್ತು.

"ನಾನು ಚಹಾ ಕುಡಿಯುವಾಗ ನನ್ನನ್ನು ಬಿಟ್ಟು ಬಸ್ಸು ಕಳಿಸಿದ್ರಾ?"

"ನನ್ನನ್ನೂ ಬಿಟ್ಟೇ ಹೋಗಿದೆ ಬೀಗರೇ. ತಪ್ಪು ನನ್ನದು, ಬಯ್ಯಿರಿ." ಅಜ್ಜ ಎದುರಿಗೆ ಕೂತು, ಮೂವತ್ತಾರು ದಿನದ ಕಥೆಯನ್ನು ಒಂದೂ ಬಿಡದೆ ಹೇಳಿದ. ಸೊಸೆ ತನ್ನ ಹೆಸರು ಬರೆಯದೇ ಖಾಲಿ ಬಿಟ್ಟದ್ದನ್ನೂ ಹೇಳಿದ.

ಓರ್ಮೋನ್ ಗಡ್ಡ ತೀಡಿದರು. "ನಿಮ್ಮ ಮಗಳೂ ನನ್ನ ಹೆಸರು ಹೇಳಲ್ಲ," ಎಂದರು. "ನನ್ನಿಂದ ಅವಳಿಗೆ ಏನೇನು ತಡ ಆಗ್ತಿದೆಯೋ, ನಾನು ಕೇಳೇ ಇಲ್ಲ." ಆಮೇಲೆ, ಇನ್ನೂ ಸಿಟ್ಟಿದೆ ಎಂದು ತೋರಿಸಲಿಕ್ಕೆ, "ಬಸ್ಸು ತಪ್ಪಿಸಿದ್ದಕ್ಕೆ ಎರಡು ದಿನ ಇಲ್ಲೇ ಕೂತು ನಿಮ್ಮ ಬೆಣ್ಣೆ ಖಾಲಿ ಮಾಡ್ತೀನಿ," ಎಂದರು.

ಸಂಜೆ ಜೀಪಾರ್ ಬಂದಳು. ಮಾವನ ಮುಂದೆ ನಿಂತು, ನೆಲ ನೋಡುತ್ತಾ, "ಎಂಟಕ್ಕೆ ಮೂರು ನಿಮಿಷ ಇತ್ತು ಅತಾ. ಸಾಲ್ಕಿನ್ ಎಜೆ ಬಸ್ಸು ಇಲ್ಲೇ ಇರಲಿ ಅಂತ ಬರೆದ್ರು," ಎಂದಳು. ಅಷ್ಟು ಹೇಳಿ ಹಾಲು ಕರೆಯಲು ಓಡಿದಳು. ಕೊಟ್ಟಿಗೆಯಿಂದ ಹಾಡು ಕೇಳಿಸಿತು.

ಬೀಗರು ಮಾತಿಗೆ ತಪ್ಪಲಿಲ್ಲ, ಬೆಣ್ಣೆ ಉಳಿಸಲಿಲ್ಲ. ಅವರು ಹೊರಟದ್ದು ಭಾನುವಾರ. ಬಸ್ಸಿಗೆ ಇನ್ನೂ ಅರ್ಧ ಗಂಟೆ ಇರುವಾಗಲೇ ಗಿರಣಿಯ ಹತ್ತಿರ ಹೋಗಿ ನಿಂತಿದ್ದರು, ತಮ್ಮ ಸೊಸೆಗೆಂದು ಕೊಂಡ ಹೊಸ ತಲೆವಸ್ತ್ರವನ್ನು ಕಂಕುಳಲ್ಲಿ ಹಿಡಿದು.